ವಿಮಾನ ಹತ್ತುವ ಮಗುವಿಗೆ ಬುತ್ತಿ

ನಮ್ಮ ಕಾಸರಗೋಡು ಕಡೆಯ ಹಳ್ಳಿಗಳಲ್ಲಿ ಕೊಲ್ಲಿಯ ನಂಟಿಲ್ಲದ ಮನೆ ಅಪರೂಪ. ಮಗನೋ ಅಳಿಯನೋ ಮೊದಲು ಹೋಗುತ್ತಾನೆ. ಕೆಲಸ ಗಟ್ಟಿಯಾಗಿ, ಬಾಡಿಗೆಗೆ ಮನೆ ಹಿಡಿದು, ಹೆಂಡತಿ ಮಗುವಿಗೆ ವೀಸಾ ಕಳುಹಿಸುವ ಹೊತ್ತಿಗೆ ಇಲ್ಲಿ ಮಗು ನಡೆಯಲು ಕಲಿತಿರುತ್ತದೆ. ಆಮೇಲೆ ಒಂದು ದಿನ ಆ ಹುಡುಗಿ ಸೊಂಟದಲ್ಲಿ ಮಗು, ಹೆಗಲಲ್ಲಿ ಚೀಲ, ಕೈಯಲ್ಲಿ ಪಾಸ್‌ಪೋರ್ಟು ಹಿಡಿದುಕೊಂಡು ಒಬ್ಬಳೇ ವಿಮಾನ ಹತ್ತುತ್ತಾಳೆ. ಎಷ್ಟೋ ಮಂದಿಗೆ ಅದೇ ಮೊದಲ ವಿಮಾನ ಪ್ರಯಾಣ. ಇಂದು ನಾನು ಮಾತಾಡಬೇಕೆಂದಿರುವುದು ಆ ಹೆಗಲ ಚೀಲದ ಬಗ್ಗೆ. ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ದಾರಿಯಲ್ಲಿ ತಿನ್ನಲು, ಕುಡಿಯಲು ಏನನ್ನು ಕಟ್ಟಿಕೊಡಬೇಕು, ಏನನ್ನು ಕಟ್ಟಬಾರದು ಎಂಬುದರ ಬಗ್ಗೆ.

ಬುತ್ತಿ ಕಟ್ಟುವುದನ್ನು ನಮಗೆ ರೇಡಿಯೋದವರು ಕಲಿಸಬೇಕೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಮಂಗಳೂರಿನಿಂದ ದುಬಾಯಿಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ನಮ್ಮವರು ಕಲ್ಲಿಕೋಟೆಯ ಕರಿಪ್ಪೂರಿಗೆ ಹೋಗಬೇಕಿತ್ತು, ಇಲ್ಲವೇ ಬಸ್ಸಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ಹಾರಬೇಕಿತ್ತು. ಆ ಮುಂಬಯಿ ಬಸ್ಸಿಗೆ ನಾನೇ ಎಷ್ಟು ಸಲ ಬುತ್ತಿ ಕಟ್ಟಿದ್ದೇನೆ. ಬಸ್ಸಾದರೆ ಹೋಟೆಲಿನ ಮುಂದೆ ನಿಲ್ಲುತ್ತದೆ, ಬಿಸಿನೀರು ಸಿಗುತ್ತದೆ, ಚೆಲ್ಲಿದರೆ ತೊಳೆಯಬಹುದು, ಹಳಸಿದರೆ ಎಸೆದು ಬೇರೆ ಕೊಳ್ಳಬಹುದು. ವಿಮಾನದ ಬುತ್ತಿಗೆ ಈ ಅನುಕೂಲಗಳು ಯಾವುವೂ ಇಲ್ಲ. ನಾನು ಅದನ್ನು ತಿಳಿದದ್ದು ಮಗಳಿಗೆ ಕಷ್ಟವಾದ ಮೇಲೆ.

ಮಗಳು ಒಂದೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಮೊದಲ ಸಲ ಹೊರಟಾಗ, ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ನಾನು ಒಲೆಯ ಮುಂದೆ ಇದ್ದೆ. ರಾಗಿ ಮಣ್ಣಿ, ಹಲಸಿನ ಎಲೆಯ ಗುಂಡ, ಬೆಲ್ಲದ ಅವಲಕ್ಕಿ, ಅರ್ಧ ಶೀಶೆ ತುಪ್ಪ, ಥರ್ಮಾಸಿನಲ್ಲಿ ಕಾಯಿಸಿದ ಹಾಲು, ದೊಡ್ಡ ಬಾಟಲಿಯಲ್ಲಿ ಎಳನೀರು. ಎಣಿಸಿದರೆ ಹನ್ನೆರಡು ಬಗೆ. ಸಾಲದ್ದಕ್ಕೆ ದೊಡ್ಡ ಪೆಟ್ಟಿಗೆಯಲ್ಲಿ ಮನೆಯ ಒಣ ಕೊಬ್ಬರಿ ಹತ್ತು. ತಪಾಸಣೆಯಲ್ಲಿ ತುಪ್ಪ ಹೋಯಿತು, ಎಳನೀರು ಹೋಯಿತು. ಕೊಬ್ಬರಿಗಾಗಿ ಅವಳನ್ನು ಹಿಂದಕ್ಕೆ ಕರೆಸಿ, ಬಿಗಿದು ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿಸಿದರು. ಎಲ್ಲಿ ಎಂದು ಹೇಳಬೇಕಾಗಿಲ್ಲ. ಅವರು ನಿಯಮದಂತೆಯೇ ನಡೆದುಕೊಂಡರು, ತಪ್ಪು ಕಟ್ಟಿದವಳದು. ಮೇಲೆ ಹೋಗಿ ಥರ್ಮಾಸು ತೆರೆದರೆ ಹಾಲು ಒಡೆದಿತ್ತು. ವಿಮಾನ ಇಳಿಯುವ ಹೊತ್ತಿಗೆ ಮಗುವಿಗೆ ಕೊಡಲು ಒಂದು ಗುಟುಕು ಏನೂ ಉಳಿದಿರಲಿಲ್ಲ. ಕಿವಿ ನೋವಿನಿಂದ ಅದು ಅರ್ಧ ಗಂಟೆ ಕಿರುಚಿತಂತೆ. ಇದಿಷ್ಟನ್ನೂ ಮಗಳು ಮರುದಿನ ಫೋನಿನಲ್ಲಿ ಹೇಳಿದಳು. ಇನ್ನೊಂದು ಮಾತನ್ನೂ ಹೇಳಿದಳು. ಅದು ಕೊನೆಗಿರಲಿ.

ಮೊದಲು ಗಡಿಯಾರದ ಲೆಕ್ಕ ನೋಡೋಣ. ಮಂಗಳೂರಿನಿಂದ ದುಬಾಯಿಗೆ ಸುಮಾರು ಮೂರೂವರೆ ಗಂಟೆಯ ಹಾರಾಟ. "ಮೂರೂವರೆ ಗಂಟೆಗೆ ಎಷ್ಟು ಬೇಕು, ಎರಡು ಬಿಸ್ಕತ್ತು ಸಾಕು" ಎನ್ನುವವರಿದ್ದಾರೆ. ಆದರೆ ಮಗುವಿನ ಪ್ರಯಾಣ ಮೂರೂವರೆ ಗಂಟೆಯದ್ದಲ್ಲ. ರಾತ್ರಿ ಒಂಬತ್ತಕ್ಕೆ ವಿಮಾನ ಎಂದಿಟ್ಟುಕೊಳ್ಳಿ. ಮೂರು ಗಂಟೆ ಮೊದಲೇ, ಅಂದರೆ ಆರಕ್ಕೆ ನಿಲ್ದಾಣದಲ್ಲಿರಬೇಕು. ಬದಿಯಡ್ಕ ಕಡೆಯ ಮನೆಯಿಂದ ಬಜ್ಪೆಗೆ ಕಾರಿನಲ್ಲಿ ಹೊರಡುವಾಗ ಮೂರೂವರೆ. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣಕ್ಕಾದರೆ ಇನ್ನೂ ಬೇಗ ಹೊರಡಬೇಕು. ದುಬಾಯಿಯಲ್ಲಿ ಇಳಿಯುವಾಗ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆ, ಅಲ್ಲಿಯ ಗಡಿಯಾರದಲ್ಲಿ ಹನ್ನೊಂದು. ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಗಾಗಿ ಕಾಯುವುದು, ಮನೆಗೆ ಕಾರು, ಎಲ್ಲ ಸೇರಿದರೆ ಮನೆ ಮುಟ್ಟುವಾಗ ನಮ್ಮ ಎರಡು ಗಂಟೆ. ಮಗುವಿನ ಹೊಟ್ಟೆಗೆ ಎಮಿರೇಟ್ಸಿನ ಸಮಯ ಗೊತ್ತಿಲ್ಲ, ಅದು ಊರಿನ ಸಮಯಕ್ಕೇ ಹಸಿಯುತ್ತದೆ. ಆದುದರಿಂದ ಬುತ್ತಿ ಬೇಕಾದದ್ದು ಹತ್ತೂವರೆ ಗಂಟೆಗೆ. ವಿಮಾನ ತಡವಾದರೆ ಎಂದು ಇನ್ನೊಂದು ಹೊತ್ತಿನದ್ದನ್ನು ಸೇರಿಸಿ. ತಡವಾಗುವುದು ವಿಶೇಷವೇನಲ್ಲ.

ಇದನ್ನು ಮೂರು ಪಾಲು ಮಾಡಿ ಎಂದು ನಾನು ಹೇಳುತ್ತೇನೆ. ಕಾರಿನಲ್ಲಿ ಮುಗಿಯಬೇಕಾದದ್ದು ಒಂದು, ನಿಲ್ದಾಣದ ಒಳಗೆ ಕಾಯುವಾಗಿನದ್ದು ಒಂದು, ವಿಮಾನದೊಳಗಿನದ್ದು ಒಂದು. ನೀರು ನೀರಾದ ಅನ್ನ, ಸಾರು, ಎಳನೀರು, ಮಾವಿನ ರಸ, ಇಂಥದ್ದೆಲ್ಲ ಕಾರಿನ ಪಾಲು. ಗೇಟಿನ ಹೊರಗೆ ನಿಂತು ಕೊನೆಯ ತುತ್ತು ಕೊಟ್ಟು, ಆ ಪಾತ್ರೆಗಳನ್ನು ಬೀಳ್ಕೊಡಲು ಬಂದವರ ಕೈಯಲ್ಲಿ ವಾಪಸು ಕಳುಹಿಸಿಬಿಡಿ.

ಎರಡನೆಯ ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಎರಡು ವರ್ಷ ತುಂಬದ ಮಗುವಿಗೆ ಸಾಮಾನ್ಯವಾಗಿ ವಿಮಾನದಲ್ಲಿ ಬೇರೆ ಆಸನವಿಲ್ಲ, ತಾಯಿಯ ಮಡಿಲೇ ಆಸನ. ಒಂದು ಕೈ ಮಗುವನ್ನು ಹಿಡಿಯಲು ಬೇಕು. ಬಾಕಿ ಉಳಿಯುವುದು ಒಂದೇ ಕೈ. ನಾವು ಬುತ್ತಿ ಕಟ್ಟುವಾಗ ರುಚಿ ನೋಡುತ್ತೇವೆ, ಪುಷ್ಟಿ ನೋಡುತ್ತೇವೆ, ಆದರೆ ಇದನ್ನು ಒಂದು ಕೈಯಲ್ಲಿ ತೆರೆದು ಒಂದು ಕೈಯಲ್ಲಿ ಉಣಿಸಲಾದೀತೇ ಎಂದು ನೋಡುವುದಿಲ್ಲ. ಹೊರಡುವ ಎರಡು ದಿನ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಗಳನ್ನೋ ಸೊಸೆಯನ್ನೋ ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂರಿಸಿ. ಮುಂದೆ ಒಂದು ಮೊಳ ದೂರದಲ್ಲಿ ಇನ್ನೊಂದು ಕುರ್ಚಿಯ ಬೆನ್ನು ಇರಲಿ. ಮಡಿಲಲ್ಲಿ ಮಗು, ಕಾಲ ಬಳಿ ಚೀಲ. ಈಗ ಬಗ್ಗಿ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಂದು ತುತ್ತು ಕೊಟ್ಟು, ಪುನಃ ಮುಚ್ಚಲಿ. ನಮ್ಮ ತಿರುಪಿನ ಸ್ಟೀಲು ಡಬ್ಬಿಗಳಲ್ಲಿ ಅರ್ಧಕ್ಕರ್ಧ ಈ ಪರೀಕ್ಷೆಯಲ್ಲಿ ಫೇಲಾಗುತ್ತವೆ. ಹೆಬ್ಬೆರಳಿನಿಂದ ಎಬ್ಬಿಸಬಹುದಾದ ಮುಚ್ಚಳದ, ಅಂಗೈಗೆ ಹಿಡಿಯುವ ಸಣ್ಣ ಡಬ್ಬಿಗಳು ನಾಲ್ಕು ಸಾಕು. ಒಂದು ದೊಡ್ಡ ಡಬ್ಬಿ ಚೆಲ್ಲಿದರೆ ಎಲ್ಲವೂ ಹೋಯಿತು. ಸಣ್ಣದರಲ್ಲಿ ಒಂದು ಚೆಲ್ಲಿದರೆ ಮೂರು ಉಳಿದಿರುತ್ತವೆ.

ಚೀಲವೂ ಹಾಗೆಯೇ. ತಲೆಯ ಮೇಲಿನ ಕಪಾಟಿನಲ್ಲಿಟ್ಟ ಚೀಲ, ಬೆಲ್ಟಿನ ದೀಪ ಉರಿಯುತ್ತಿರುವಷ್ಟು ಹೊತ್ತು ಇದ್ದೂ ಇಲ್ಲದಂತೆ. ಏರುವಾಗ, ಇಳಿಯುವಾಗ, ಕುಲುಕಾಟದ ನಡುವೆ, ಅಂದರೆ ಮಗು ಹೆಚ್ಚು ಅಳುವ ಹೊತ್ತಿನಲ್ಲೇ ಎದ್ದು ನಿಲ್ಲುವಂತಿಲ್ಲ. ತಿಂಡಿ, ನೀರು, ಒಂದು ಚಮಚ, ಒದ್ದೆ ಮಾಡಿ ಹಿಂಡಿದ ಬಟ್ಟೆ, ಎರಡು ಖಾಲಿ ಪ್ಲಾಸ್ಟಿಕ್ ತೊಟ್ಟೆ, ಇಷ್ಟು ಒಂದು ಸಣ್ಣ ಬಟ್ಟೆಯ ಚೀಲದಲ್ಲಿ ಕಾಲ ಬಳಿಯೇ ಇರಬೇಕು.

ಇನ್ನು ಏನು ಕಟ್ಟಬೇಕು? ನಮ್ಮ ಅಡುಗೆಮನೆಯಲ್ಲೇ ಒಳ್ಳೆಯ ಪದಾರ್ಥಗಳಿವೆ. ರಾಗಿ ಮಣ್ಣಿಯನ್ನೇ ತೆಗೆದುಕೊಳ್ಳಿ. ರಾಗಿಯನ್ನು ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿದ ಹಾಲಿಗೆ ಬೆಲ್ಲ ಹಾಕಿ, ತಳ ಬಿಡುವವರೆಗೆ ಮಗುಚಿ, ತಟ್ಟೆಗೆ ಹೊಯ್ದು ಆರಿದ ಮೇಲೆ ತುಂಡು ಮಾಡುತ್ತೇವೆ. ಹಲ್ಲು ಪೂರ್ತಿ ಬರದ ಮಗುವಿಗೂ ಸಲೀಸು, ಕೈಗೆ ಅಂಟುವುದಿಲ್ಲ, ಒಂದು ಕೈಯಲ್ಲಿ ಕೊಡಬಹುದು. ಆದರೆ ಪ್ರಯಾಣದ ಮಣ್ಣಿಗೆ ತೆಂಗಿನ ಹಾಲು ಹಾಕಬೇಡಿ. ಮೊದಲು ಹಳಸುವುದು ಅದೇ. ಇಡ್ಲಿ, ಮೂಡೆ, ಹಲಸಿನ ಎಲೆಯ ಗುಂಡ ಇವೂ ಒಳ್ಳೆಯವೇ. ಚಟ್ನಿ ಬೇಡ. ಸಣ್ಣ ತುಂಡು ಮಾಡಿ, ಮನೆಯಲ್ಲೇ ತುಪ್ಪ ಸವರಿ ಇಟ್ಟರೆ ತುಪ್ಪದ ಶೀಶೆ ಬೇರೆ ಒಯ್ಯಬೇಕಾಗಿಲ್ಲ. ನಮ್ಮ ಸೆಕೆಯಲ್ಲಿ ಬೇಯಿಸಿದ ಮೆದು ಆಹಾರ ಹೊರಗಿಟ್ಟರೆ ಎರಡು ಗಂಟೆಯ ಮೇಲೆ ನಂಬಬಾರದು, ಬಿಸಿಲು ಜೋರಿದ್ದರೆ ಒಂದೇ ಗಂಟೆ ಎಂದು ವೈದ್ಯರು ಹೇಳುತ್ತಾರೆ. ಆದುದರಿಂದ ಇಡ್ಲಿ, ಗುಂಡ, ಮಣ್ಣಿ ಮೊದಲ ಪಾಲಿಗೆ, ಒಣ ಪದಾರ್ಥ ಕೊನೆಯ ಪಾಲಿಗೆ ಎಂಬ ಕ್ರಮ ತಪ್ಪಬಾರದು.

ಕೊನೆಯ ಪಾಲಿಗೆ ಏನು? ಮನೆಯಲ್ಲಿ ಒಣಗಿಸಿ ಸುಟ್ಟ ದೋಸೆಯ ಚೂರು, ರಸ್ಕು, ಸಪ್ಪೆ ಬಿಸ್ಕತ್ತು, ಚರ್ಮುರಿ. ಚರ್ಮುರಿಯ ಗುಣ ಏನೆಂದರೆ, ಮಗು ಒಂದೊಂದೇ ಹೆಕ್ಕಿ ತಿನ್ನುತ್ತದೆ. ಒಂದು ಹಿಡಿ ಚರ್ಮುರಿಗೆ ಕಾಲು ಗಂಟೆ ಸುಮ್ಮನಿರುತ್ತದೆ. ಹೊದಳು ಬೇಡ, ಅದರಲ್ಲಿ ಹೊಟ್ಟು ಉಳಿದಿರುತ್ತದೆ, ಗಂಟಲಿಗೆ ಹಿಡಿಯುತ್ತದೆ. ಬಾಳೆಹಣ್ಣು ದೇವರೇ ಕಟ್ಟಿದ ಬುತ್ತಿ, ಸಿಪ್ಪೆಯೇ ಡಬ್ಬಿ. ಆದರೆ ಕದಳಿ ಚೀಲದಲ್ಲಿ ಜಜ್ಜಿಹೋಗುತ್ತದೆ. ಸ್ವಲ್ಪ ಗಟ್ಟಿ ಇರುವ ನೇಂದ್ರವನ್ನು ಹಬೆಯಲ್ಲಿ ಬೇಯಿಸಿ ಕಾರಿನಲ್ಲೇ ಕೊಡಿ, ವಿಮಾನಕ್ಕೆ ಎರಡು ಸಣ್ಣ ಹಣ್ಣು ಗಟ್ಟಿ ಡಬ್ಬಿಯಲ್ಲಿಡಿ. ಹಣ್ಣು ತರಕಾರಿ ಒಳಗೆ ತರುವುದಕ್ಕೆ ದೇಶಕ್ಕೊಂದು ನಿಯಮ ಇರುವುದರಿಂದ ಇಳಿಯುವ ಮೊದಲೇ ತಿಂದು ಮುಗಿಸಲಿ.

ಕುನ್ನನ್ ಬಾಳೆಕಾಯಿಯ ಹುಡಿ ನಮ್ಮಲ್ಲಿ ಮಕ್ಕಳಿಗೆ ಬೇಕೇ ಬೇಕು. ಆದರೆ ಅದನ್ನು ಒಲೆಯ ಮೇಲೆ ಬೇಯಿಸದೆ ಕೊಡುವಂತಿಲ್ಲ. ಅದು ದೊಡ್ಡ ಪೆಟ್ಟಿಗೆಯಲ್ಲಿ ಹೋಗಲಿ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಬಂಧುಗಳಿಗೆ ಈ ವಿಷಯದಲ್ಲಿ ನಮಗಿಂತ ಅನುಕೂಲ. ಅವರ ಹುರಿಹಿಟ್ಟು ಮೊದಲೇ ಹುರಿದದ್ದು, ಬಿಸಿನೀರು ಬೆಲ್ಲ ಸೇರಿಸಿದರೆ ಆಯಿತು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಶೇಂಗಾ ಇಲ್ಲದೆ ಪ್ರಯಾಣವೇ ಇಲ್ಲ. ಶೇಂಗಾ ಹೋಳಿಗೆಯಲ್ಲಿ ಅದು ನುಣ್ಣಗೆ ಪುಡಿಯಾಗಿರುತ್ತದೆ. ಮಗು ಮನೆಯಲ್ಲಿ ತಿಂದು ಅಭ್ಯಾಸವಿದ್ದರೆ ಅಡ್ಡಿಯಿಲ್ಲ. ಇಡೀ ಕಾಳು ಮಾತ್ರ ಖಂಡಿತ ಬೇಡ. ನೆಲಕಡಲೆ, ಗೋಡಂಬಿ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಇವು ನಾಲ್ಕು ವರ್ಷದೊಳಗಿನ ಮಗುವಿನ ಶ್ವಾಸನಾಳಕ್ಕೆ ಜಾರುವ ವಸ್ತುಗಳು. ಕಿವಿ ಕಟ್ಟದಿರಲಿ ಎಂದು ಪಕ್ಕದವರು ಪ್ರೀತಿಯಿಂದ ಪೆಪ್ಪರ್‌ಮಿಂಟು ಕೊಡುತ್ತಾರೆ. ನಗುತ್ತಲೇ ತೆಗೆದುಕೊಂಡು ತಾಯಿ ತಾನೇ ಬಾಯಿಗೆ ಹಾಕಿಕೊಳ್ಳಲಿ. ದಾರಿಯಲ್ಲಿ ಹೊಸ ತಿಂಡಿಯ ಪರೀಕ್ಷೆಯೂ ಬೇಡ. ಮೂವತ್ತು ಸಾವಿರ ಅಡಿಯ ಮೇಲೆ ಮಗುವಿನ ಮೈಯಲ್ಲಿ ದದ್ದು ಎದ್ದರೆ ಯಾರನ್ನು ಕರೆಯುವುದು?

ಈಗ ಕುಡಿಯುವ ವಿಷಯ. ಇಲ್ಲೇ ಹೆಚ್ಚು ಗೊಂದಲ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವರೂಪದ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾಯಿತು. ಅದರ ನಂತರ, ವಿದೇಶಕ್ಕೆ ಹೋಗುವವರು ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಶೀಶೆಯಲ್ಲಿ ಯಾವ ದ್ರವವನ್ನೂ ಒಯ್ಯಬಾರದು ಎಂಬ ನಿಯಮ ಬಂತು. ತುಪ್ಪ, ಉಪ್ಪಿನಕಾಯಿ, ಜಾಮು, ಮೊಸರು ಎಲ್ಲವೂ ಆ ಲೆಕ್ಕಕ್ಕೆ ದ್ರವವೇ. ಆದರೆ ಮಗುವಿನ ಹಾಲಿಗೂ ಮಗುವಿನ ಆಹಾರಕ್ಕೂ ಪ್ರಯಾಣಕ್ಕೆ ಬೇಕಾಗುವಷ್ಟರ ಮಟ್ಟಿಗೆ ವಿನಾಯಿತಿ ಇದೆ. ಇದು ಗೊತ್ತಿಲ್ಲದೆ ಹೆದರಿ ಮಗುವಿನ ಹಾಲನ್ನು ಕಸದ ಬುಟ್ಟಿಗೆ ಸುರಿದ ತಾಯಂದಿರಿದ್ದಾರೆ. ನೀವು ಹಾಲಿನ ಬಾಟಲಿಯನ್ನು ಚೀಲದ ಮೇಲ್ಭಾಗದಲ್ಲೇ ಇಡಿ, ಕೇಳುವ ಮೊದಲೇ ತೆಗೆದು ತೋರಿಸಿ. ಮುಚ್ಚಳ ತೆಗೆಯಲು ಹೇಳಬಹುದು, ಒಂದು ಗುಟುಕು ಕುಡಿದು ತೋರಿಸಿ ಎನ್ನುವುದೂ ಉಂಟು. ಕೋಪಿಸಿಕೊಳ್ಳಬೇಡಿ. ಎಕ್ಸ್‌ರೇ ಯಂತ್ರದೊಳಗೆ ಹೋಗಿ ಬಂದ ಹಾಲು ಕೆಡುವುದಿಲ್ಲ.

ಭಾಷೆಯ ಹೆದರಿಕೆಯೂ ಬೇಡ. ಎರಡು ಭಾಷೆಯ ನಡುವೆ ಬೆಳೆದ ನಮಗೆ ಮೂರನೆಯದರ ಒಂದು ವಾಕ್ಯ ಭಾರವಲ್ಲ. ಬಜ್ಪೆಯಲ್ಲಿ "ಇದು ಮಗುವಿನ ಹಾಲು" ಎಂದರೆ ತಿಳಿಯುವವರಿದ್ದಾರೆ. ಕಣ್ಣೂರಿನಲ್ಲಿ "ಇದ್ ಕುಟ್ಟೀಡೆ ಪಾಲಾಣ್" ಎನ್ನಿ. ಎರಡು ಕಡೆಯೂ ತಪಾಸಣೆ ಮಾಡುವವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು. ಉತ್ತರದವರಿದ್ದರೆ "ಯೇ ಬಚ್ಚೇ ಕಾ ದೂಧ್ ಹೈ" ಸಾಕು. ಮಗಳು ಎರಡನೆಯ ಸಲ ಹೋಗುವಾಗ ನಾನು ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವಳು ನಕ್ಕಳು, ಆದರೆ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.

ಹಾಲು ಕುಡಿಯುವ ಮಗುವಿಗೆ ಎಲ್ಲಕ್ಕಿಂತ ಒಳ್ಳೆಯದು ತಾಯಿಯ ಹಾಲೇ. ಅದಕ್ಕೆ ಶೀಶೆಯಿಲ್ಲ, ತಪಾಸಣೆಯಿಲ್ಲ, ಒಡೆಯುವ ಭಯವಿಲ್ಲ. ಎರಡು ವರ್ಷದವರೆಗೂ ಅದಕ್ಕೂ ಮೇಲೆಯೂ ಮುಂದುವರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪ್ರಯಾಣದ ನೆಪದಲ್ಲಿ ಹಾಲು ಬಿಡಿಸುವ ಅವಸರ ಮಾಡಬೇಡಿ, ಒಂದು ತೆಳು ಶಾಲು ಕೊಟ್ಟು ಕಳುಹಿಸಿ. ಡಬ್ಬಿಯ ಹಾಲಿನ ಹುಡಿ ಕುಡಿಯುವ ಮಗುವಾದರೆ, ಒಂದೊಂದು ಸಲಕ್ಕೆ ಬೇಕಾದ ಹುಡಿಯನ್ನು ಅಳೆದು ಬೇರೆ ಬೇರೆ ಸಣ್ಣ ಡಬ್ಬಿಯಲ್ಲಿಡಿ, ಕುದಿಸಿದ ನೀರನ್ನು ಬೇರೆ ಥರ್ಮಾಸಿನಲ್ಲಿಡಿ. ಹುಡಿ ಕಲಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಕಲಸಿ ಆರಿಸಿ ಕೊಡಬೇಕು. ನಾನು ಮಾಡಿದಂತೆ ಕಾಯಿಸಿದ ದನದ ಹಾಲನ್ನು ಥರ್ಮಾಸಿಗೆ ಹೊಯ್ದು ಎಂಟು ಗಂಟೆ ಇಡುವುದು ಅಪಾಯ. ಉಗುರುಬೆಚ್ಚಗಿನ ಹಾಲಿನಷ್ಟು ರೋಗಾಣುಗಳಿಗೆ ಪ್ರಿಯವಾದ ಜಾಗ ಬೇರೆ ಇಲ್ಲ. ಬೇಕಿದ್ದರೆ ತಪಾಸಣೆ ದಾಟಿದ ಮೇಲೆ ಒಳಗಿನ ಅಂಗಡಿಯಲ್ಲಿ ಮೊಹರು ಒಡೆಯದ ಹಾಲಿನ ಪ್ಯಾಕೆಟ್ಟು ಕೊಳ್ಳಿ. ಮಗು ಕುಡಿದು ಬಿಟ್ಟ ಹಾಲನ್ನು ಒಂದು ಗಂಟೆಯ ಮೇಲೆ ಇಟ್ಟುಕೊಳ್ಳಬೇಡಿ.

ನೀರಿನ ಬಾಟಲಿಯನ್ನು ಖಾಲಿ ಒಯ್ದು ಒಳಗೆ ತುಂಬಿಸಿಕೊಳ್ಳಬಹುದು. ವಿಮಾನದೊಳಗಿನ ಗಾಳಿ ಬಹಳ ಒಣ. ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ ಬೆಳೆದ ಮಗುವಿಗೆ ಬಾಯಿ ತುಟಿ ಬೇಗ ಒಣಗುತ್ತದೆ. ಒಮ್ಮೆಲೇ ಲೋಟ ತುಂಬ ಕೊಡುವುದಕ್ಕಿಂತ ಗುಟುಕು ಗುಟುಕಾಗಿ ಕೊಡುತ್ತಿರಿ. ವಾಂತಿಭೇದಿಯ ಮುಂಜಾಗ್ರತೆಗೆ ಓ.ಆರ್.ಎಸ್. ಹುಡಿಯ ಪೊಟ್ಟಣ ಎರಡು ಇರಲಿ. ಒಂದು ಲೀಟರಿನದ್ದಲ್ಲದೆ 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಸಿಗುತ್ತದೆ, ಪ್ರಯಾಣಕ್ಕೆ ಅದೇ ಸರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು. ಅದೇ ಹೆಸರಿನಲ್ಲಿ ಮಾರುತ್ತಿದ್ದ ಬಣ್ಣದ ಸಿಹಿ ಪಾನೀಯಗಳನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಕ್ಕೆ ಹೊಂದದ ಪಾನೀಯಕ್ಕೆ ಆ ಹೆಸರು ಹಾಕಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಸೋಡದ ಪಾನೀಯಗಳಂತೂ ಬೇಡವೇ ಬೇಡ. ಕಾರಣ ಹೇಳುತ್ತೇನೆ.

ಎತ್ತರದಲ್ಲಿ ಹಾರುವ ವಿಮಾನದೊಳಗೆ ಗಾಳಿಯ ಒತ್ತಡ ನೆಲದಲ್ಲಿರುವಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಗುಡ್ಡದ ಮೇಲಿರುವಷ್ಟು ಇರುತ್ತದೆ. ಉದಕಮಂಡಲ ಸುಮಾರು ಏಳು ಸಾವಿರದ ಮುನ್ನೂರು ಅಡಿ ಎತ್ತರದಲ್ಲಿದೆ. ನೀಲಗಿರಿಯ ಕೇಳುಗರು ನೋಡಿರಬಹುದು, ಕೆಳಗಿನಿಂದ ಘಟ್ಟ ಹತ್ತಿ ಬಂದ ಚಿಪ್ಸಿನ ಪ್ಯಾಕೆಟ್ಟು ಅಲ್ಲಿ ಚೆಂಡಿನಂತೆ ಉಬ್ಬಿರುತ್ತದೆ. ಒಳಗಿನ ಗಾಳಿ ಕಾಲು ಭಾಗದಷ್ಟು ಹಿಗ್ಗುತ್ತದೆ. ಪ್ಯಾಕೆಟ್ಟಿಗೆ ಆದದ್ದೇ ಹೊಟ್ಟೆಯೊಳಗಿನ ವಾಯುವಿಗೂ ಆಗುತ್ತದೆ. ಸೋಡ ಕುಡಿದ, ಕಡಲೆ ಉಸ್ಲಿ ತಿಂದ ಮಗು ಹೊಟ್ಟೆ ಉಬ್ಬಿ ಅಳುವುದು ಇದಕ್ಕೇ. ನಳಿಗೆಯಿರುವ ನೀರಿನ ಬಾಟಲಿಗೂ ಅದೇ ಕಥೆ. ನೆಲದಲ್ಲಿ ಬಿಗಿಯಾಗಿ ಮುಚ್ಚಿದ್ದನ್ನು ಮೇಲೆ ಹೋಗಿ ತೆರೆದರೆ ನೀರು ಚಿಲ್ಲೆಂದು ಚಿಮ್ಮಿ ಮುಂದಿನ ಆಸನದವರ ತಲೆಗೆ ಬೀಳುತ್ತದೆ. ಮೊದಲು ದೊಡ್ಡ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ಗಾಳಿ ಬಿಟ್ಟು, ಆಮೇಲೆ ನಳಿಗೆ ಎತ್ತಿ.

ಕಿವಿಯ ನೋವೂ ಈ ಒತ್ತಡದ್ದೇ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ನುಂಗಿದಾಗ ಅದು ತೆರೆದು ಒಳಗಿನ ಹೊರಗಿನ ಒತ್ತಡ ಸಮವಾಗುತ್ತದೆ. ಮಕ್ಕಳಲ್ಲಿ ಆ ನಾಳ ಕಿರಿದು. ಏರುವಾಗಿಗಿಂತ ಇಳಿಯುವಾಗ ಕಷ್ಟ ಹೆಚ್ಚು. ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗುತ್ತದೆ. ಹಾಲಾಗಲಿ ನೀರಾಗಲಿ, ಅರ್ಧ ಬಾಟಲಿಯನ್ನು ಈ ಅರ್ಧ ಗಂಟೆಗೆಂದು ಮುಟ್ಟದೆ ಉಳಿಸಬೇಕು. ನನ್ನ ಮಗಳು ಮಗು ಹಟ ಮಾಡಿದಾಗಲೆಲ್ಲ ಕೊಟ್ಟು ಮುಗಿಸಿದ್ದಳು, ಏಕೆಂದರೆ ಉಳಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಗು ನಿದ್ದೆಯಲ್ಲಿದ್ದರೆ, ಮನಸ್ಸಿಗೆ ಕಷ್ಟವಾದರೂ, ಇಳಿಯಲು ತೊಡಗುವಾಗ ಎಬ್ಬಿಸಿ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಎಬ್ಬಿಸಿದ ಮಗು ಸಿಟ್ಟಿನಿಂದ ಅಳುತ್ತದೆ, ಎಬ್ಬಿಸದ ಮಗು ನೋವಿನಿಂದ ಅಳುತ್ತದೆ. ನೆಗಡಿ ಕಿವಿನೋವು ಇದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ.

ದಾರಿಯುದ್ದಕ್ಕೂ ಮಲಗಲಿ ಎಂದು ಶೀತದ ಔಷಧಿಯನ್ನು ಒಂದು ಚಮಚ ಹಾಕಿ ಕಳುಹಿಸುವವರಿದ್ದಾರೆ. ದಯಮಾಡಿ ಹಾಗೆ ಮಾಡಬೇಡಿ. ಕೆಲವು ಮಕ್ಕಳಿಗೆ ಅದು ನಿದ್ದೆಯ ಬದಲು ಕೆರಳಾಟ ತರುತ್ತದೆ. ಕೊಡೀನ್ ಸೇರಿದ ಕೆಮ್ಮಿನ ಔಷಧಿಗೆ ಎಮಿರೇಟ್ಸಿನಲ್ಲಿ ಕಟ್ಟುನಿಟ್ಟಿನ ನಿರ್ಬಂಧವೂ ಇದೆ.

ನಿರ್ಬಂಧದ ಮಾತು ಬಂದ ಮೇಲೆ ಇನ್ನು ಎರಡು ವಸ್ತು. ಒಂದು ನಮ್ಮ ಕೊಬ್ಬರಿ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನ ಸಾಗಣೆಯ ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ. ಮಗುವಿನ ತಲೆಗೆ ಹಚ್ಚುವ ಎಣ್ಣೆಯನ್ನು ಅಲ್ಲೇ ಕೊಂಡರಾಯಿತು. ಇನ್ನೊಂದು ಗಸಗಸೆ. ಪಾಯಸಕ್ಕೆ, ಬಾಣಂತಿ ಉಂಡೆಗೆ ನಾವು ಧಾರಾಳ ಹಾಕುತ್ತೇವೆ. ಎಮಿರೇಟ್ಸಿನಲ್ಲೂ ಸೌದಿ ಅರೇಬಿಯದಲ್ಲೂ ಅದು ಮಾದಕ ಪದಾರ್ಥದ ಲೆಕ್ಕ. ಹಾಲು ಕುಡಿಸುವ ತಾಯಿಗೆ ಒಳ್ಳೆಯದೆಂದು ಅತ್ತೆ ಕಟ್ಟಿಕೊಟ್ಟ ಉಂಡೆಯಿಂದ ಆ ಹುಡುಗಿ ಪೊಲೀಸರ ಮುಂದೆ ನಿಲ್ಲುವಂತಾಗಬಾರದು. ಜತೆಗೆ ಹೋಗುವ ಅಜ್ಜಿಯರು ಯಾರಾದರೂ ಕೇಳುತ್ತಿದ್ದರೆ, ವೀಳ್ಯದೆಲೆಯ ಚೀಲವನ್ನೂ ಊರಿನಲ್ಲೇ ಬಿಟ್ಟುಹೋಗಿ.

ವಿಮಾನದಲ್ಲಿ ಊಟ ಕೊಡುವುದಿಲ್ಲವೇ ಎಂದು ಕೇಳಿದರೆ, ಕಡಿಮೆ ದರದ ವಿಮಾನಗಳಲ್ಲಿ ಹೆಚ್ಚಾಗಿ ದುಡ್ಡು ಕೊಟ್ಟು ಕೊಳ್ಳಬೇಕು. ಊಟ ಸೇರಿದ ಟಿಕೇಟಿನಲ್ಲೂ ಮಕ್ಕಳ ಊಟ ಬೇಕೆಂದು 24 ಗಂಟೆ ಮೊದಲೇ ತಿಳಿಸಬೇಕಾಗುತ್ತದೆ. ಬಿಸಿ ಚಹ ಬಂದರೆ ಮಾತ್ರ, ಮಗು ಮಡಿಲಲ್ಲಿರುವಷ್ಟು ಹೊತ್ತು, ಬೇಡ ಎನ್ನಬೇಕು. ವಿಮಾನ ಒಮ್ಮೆ ಕುಲುಕಿದರೆ ಸಾಕು.

ಮಗಳು ಹೇಳಿದ ಇನ್ನೊಂದು ಮಾತನ್ನು ಕೊನೆಗೆಂದು ಇಟ್ಟಿದ್ದೆ. ಎಲ್ಲ ಹೇಳಿ ಮುಗಿಸಿ ಫೋನು ಇಡುವ ಮೊದಲು, "ಅಮ್ಮಾ, ನಿನ್ನೆ ಮಧ್ಯಾಹ್ನ ಮನೆಯಲ್ಲಿ ಉಂಡದ್ದು ಬಿಟ್ಟರೆ ಇಲ್ಲಿಗೆ ಬಂದು ಮುಟ್ಟುವವರೆಗೆ ನನ್ನ ಹೊಟ್ಟೆಗೆ ಏನೂ ಬೀಳಲಿಲ್ಲ" ಎಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು. ಅವಳು ಆಗ ಹಾಲು ಕುಡಿಸುತ್ತಿದ್ದವಳು. ಮಗುವಿಗೆಂದು ಹನ್ನೆರಡು ಬಗೆ ಕಟ್ಟಿದ ನಾನು ಅವಳಿಗೆ ಒಂದು ತುತ್ತು ಕಟ್ಟಿರಲಿಲ್ಲ. ದೊಡ್ಡವಳು, ಹೇಗಾದರೂ ತಿಂದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಒಂದು ಕೈಯವಳು ಹೇಗೆ ತಿನ್ನುವುದು?

ಎರಡನೆಯ ಸಲ ಹೊರಟಾಗ ಮಗುವಿಗೆ ನಾಲ್ಕೇ ಬಗೆ. ಅದಕ್ಕಿಂತ ಮೊದಲು ಅವಳ ಡಬ್ಬಿ ಕಟ್ಟಿದೆ. ಚಪಾತಿಯನ್ನು ಪಲ್ಯ ಹಾಕಿ ಸುತ್ತಿ, ಕೆಳಗಿನ ಅರ್ಧಕ್ಕೆ ಕಾಗದ ಬಿಗಿದು, ಮುರಿಯದೆ ಕಚ್ಚಿ ತಿನ್ನುವ ಹಾಗೆ. ಬಾಯಿಗೆ ಒಂದೇ ಸಲಕ್ಕೆ ಹಾಕಿಕೊಳ್ಳುವಷ್ಟು ಸಣ್ಣ ಗುಂಡ ಆರು. ಎರಡು ಖರ್ಜೂರ, ಬೀಜ ತೆಗೆದದ್ದು. ಗೇಟಿನ ಹೊರಗೆ ಮಗುವನ್ನು ನಾನು ಎತ್ತಿಕೊಂಡು, ಚಪಾತಿಯನ್ನು ನನ್ನ ಎದುರೇ ಅವಳಿಂದ ತಿನ್ನಿಸಿದೆ. ಗುಂಡ ವಿಮಾನಕ್ಕೆ ಹೋಯಿತು.

ಹೋಗಿ ಮುಟ್ಟಿ ಫೋನು ಮಾಡಿದಾಗ, "ನಿನ್ನ ಡಬ್ಬಿ ಖಾಲಿಯಾಯಿತೇ?" ಎಂದೇ ಮೊದಲು ಕೇಳಿದೆ.

"ಎರಡು ಗುಂಡ ಇವಳೇ ತಿಂದಳು ಅಮ್ಮಾ, ಉಳಿದ ನಾಲ್ಕು ನಾನು" ಎಂದಳು.